ಯುದ್ಧ ಮುಗಿದ ಮೂರು ವಾರಕ್ಕೆ



ಈ ದತ್ತಿಗೆ ದಾನಿಗಳು ಹಾಕಿರುವ ಷರತ್ತು ಒಂದೇ. ಉಪನ್ಯಾಸ ಯಾವುದಾದರೊಂದು ಊರಿನ ಚರಿತ್ರೆಯನ್ನು ಕುರಿತು ಇರಬೇಕು, ರಾಜಧಾನಿಯ ಚರಿತ್ರೆಯನ್ನು ಕುರಿತು ಇರಕೂಡದು. ರಾಜಧಾನಿಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಊರುಗಳಿಗೆ ದಿಕ್ಕಿಲ್ಲ ಎಂಬ ತಕರಾರು ಅದರ ಹಿಂದೆ ಇದ್ದಿರಬೇಕು. ಇಲ್ಲಿಯವರೆಗೆ ಮಾತಾಡಿದವರು ನಮ್ಮ ಸೀಮೆಯ ಊರುಗಳನ್ನೇ ಆರಿಸಿಕೊಂಡಿದ್ದಾರೆ. ನಾನು ಗಡಿಯಾಚೆಯ ಊರೊಂದನ್ನು ತಂದಿದ್ದೇನೆ. ಷರತ್ತಿನಲ್ಲಿ ಅದಕ್ಕೆ ಅಡ್ಡಿಯಿಲ್ಲವೆಂದು ಅಧ್ಯಕ್ಷರು ಹೇಳಿದ ಮೇಲೆಯೇ ಈ ಧೈರ್ಯ.

ಊರು ದಿನಾಜಪುರ, ಬಾಂಗ್ಲಾದೇಶದ ವಾಯವ್ಯ ಮೂಲೆಯಲ್ಲಿದೆ. ಘಮಘಮಿಸುವ ಕಟಾರಿಭೋಗ್ ಅಕ್ಕಿಗೆ, ಲಿಚಿ ಹಣ್ಣಿಗೆ ಅದು ಹೆಸರುವಾಸಿ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ರಾಜಮನೆತನ ಕಟ್ಟಿಸಿದ ಕಾಂತನಗರದ ದೇವಾಲಯ ಹತ್ತಿರದಲ್ಲೇ ಇದೆ. ಅದರ ಗೋಡೆಯ ತುಂಬ ಸುಟ್ಟ ಮಣ್ಣಿನ ಫಲಕಗಳಲ್ಲಿ ರಾಮಾಯಣ, ಮಹಾಭಾರತ, ಬೇಟೆ, ದೋಣಿವಿಹಾರ ಎಲ್ಲವೂ ಇವೆ. ಅದೇ ಮನೆತನದ ಮಹಾರಾಜ ಗಿರಿಜಾನಾಥ ರಾಯರ ಹೆಸರಿನ ಪ್ರೌಢಶಾಲೆಯೊಂದು ಪಟ್ಟಣದ ಬಾಲುಬಾಡಿ ಎಂಬ ಬಡಾವಣೆಯಲ್ಲಿದೆ. ಊರವರ ಬಾಯಲ್ಲಿ ಅದು ಮಹಾರಾಜ ಸ್ಕೂಲ್. ನಮ್ಮ ಇಂದಿನ ವಿಷಯ ಆ ಶಾಲೆಯ ಅಂಗಳದಲ್ಲಿ 1972ರ ಜನವರಿ 6ರ ಮುಸ್ಸಂಜೆ ನಡೆದದ್ದು. ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದದ್ದು 1971ರ ಡಿಸೆಂಬರ್ 16, ಗುರುವಾರ. ಜನವರಿ 6 ಕೂಡ ಗುರುವಾರ. ನಡುವೆ ಸರಿಯಾಗಿ ಮೂರು ವಾರ.

ಆ ಮುಸ್ಸಂಜೆಗೆ ಬರುವ ಮುಂಚೆ ಜಿಲ್ಲೆಯ ಭೂಗೋಳ ಸ್ವಲ್ಪ ಗೊತ್ತಿರಬೇಕು. 1947ರ ವಿಭಜನೆಯಲ್ಲಿ ದಿನಾಜಪುರ ಜಿಲ್ಲೆ ಎರಡಾಯಿತು. ಪಟ್ಟಣವೂ ಪೂರ್ವದ ಪಾಲೂ ಪಾಕಿಸ್ತಾನಕ್ಕೆ ಹೋದವು. ಬಾಲೂರ್‌ಘಾಟ್, ರಾಯ್‌ಗಂಜ್‌ಗಳಿದ್ದ ಪಶ್ಚಿಮದ ಪಾಲು ಭಾರತಕ್ಕೆ ಬಂತು. ಹಾಗಾಗಿ 1971ರಲ್ಲಿ ಗಡಿ ದಾಟಿ ಬಂದ ದಿನಾಜಪುರದವರು ತಮ್ಮದೇ ಹಳೆಯ ಜಿಲ್ಲೆಯ ಇನ್ನೊಂದು ತುದಿಗೆ ನಿರಾಶ್ರಿತರಾಗಿ ಬಂದರು. ಪೂರ್ವ ಬಂಗಾಳದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನ ಕ್ಯಾಂಪುಗಳಲ್ಲಿ ಇಂದಿಗೂ ಭತ್ತ ಬೆಳೆಯುತ್ತಿದ್ದಾರೆ. ಈ ಕಥೆ ನಮಗೆ ತೀರ ದೂರದ್ದೇನೂ ಅಲ್ಲ.

1971ರಲ್ಲಿ ಪಾಕಿಸ್ತಾನದ ಆಳ್ವಿಕೆಯ ವಿರುದ್ಧ ದಿನಾಜಪುರದಲ್ಲಿ ಬಂಡಾಯ ಬೇಗ ಎದ್ದಿತು. ಪಟ್ಟಣದ ಕುಠಿಬಾಡಿಯಲ್ಲಿ ಗಡಿಪಡೆಯಾದ ಈಸ್ಟ್ ಪಾಕಿಸ್ತಾನ್ ರೈಫಲ್ಸ್‌ನ ವಿಭಾಗೀಯ ಠಾಣೆ ಇತ್ತು. ಅಲ್ಲಿನ ಬಂಗಾಳಿ ಜವಾನರು ಮಾರ್ಚ್ 28ರಂದೇ ತಿರುಗಿಬಿದ್ದರು. ಏಪ್ರಿಲ್ ನಡುವಿನಲ್ಲಿ ಪಾಕಿಸ್ತಾನದ ಸೇನೆ ಊರನ್ನು ಮತ್ತೆ ಹಿಡಿಯಿತು. ಸಾವಿರಾರು ಹುಡುಗರು ಗಡಿ ದಾಟಿದರು. ವಿಮೋಚನಾ ಯುದ್ಧಕ್ಕಾಗಿ ದೇಶವನ್ನು ಹನ್ನೊಂದು ಸೆಕ್ಟರುಗಳಾಗಿ ಹಂಚಿದ್ದರಲ್ಲ, ಅದರಲ್ಲಿ ದಿನಾಜಪುರದ ಉತ್ತರ ಭಾಗ 6ನೆಯ ಸೆಕ್ಟರಿಗೆ, ದಕ್ಷಿಣ ಭಾಗ 7ನೆಯದಕ್ಕೆ ಸೇರಿತು. 7ನೆಯ ಸೆಕ್ಟರಿನ ಠಾಣೆ ಭಾರತದ ನೆಲದಲ್ಲಿದ್ದ ತರಂಗಪುರದಲ್ಲಿತ್ತು. ರೈತರ ಮಕ್ಕಳು, ಕಾಲೇಜು ಹುಡುಗರು, ಅಂಗಡಿಗಳಲ್ಲಿ ಕೆಲಸಕ್ಕಿದ್ದವರು ಕೆಲವೇ ವಾರಗಳ ತರಬೇತಿ ಪಡೆದರು. ಬಂದೂಕು ಹಿಡಿಯುವುದು, ಕೈಬಾಂಬು ಎಸೆಯುವುದು, ಸೇತುವೆಗೆ ಸ್ಫೋಟಕ ಕಟ್ಟುವುದು, ಶತ್ರುವಿನ ದಾರಿಯಲ್ಲಿ ನೆಲಬಾಂಬು ಹೂಳುವುದು ಅವರು ಕಲಿತದ್ದು. ಹೂಳುವುದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಇನ್ನೊಬ್ಬ ಹೂತದ್ದನ್ನು ಹುಡುಕಿ ತೆಗೆಯುವುದು ಬೇರೆಯೇ ವಿದ್ಯೆ. ಬೆಂಗಳೂರಿನ ಹಲಸೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್‌ ದಳದ ಕೇಂದ್ರವಿದೆಯಲ್ಲ, ಅಂಥ ಕಡೆ ಅದನ್ನೇ ವೃತ್ತಿಯಾಗಿ ಕಲಿಸುತ್ತಾರೆ. ಆ ವಿದ್ಯೆ ಬಲ್ಲವರು ಯಾವ ಸೈನ್ಯದಲ್ಲೂ ಎಣಿಕೆಗೆ ಸಿಗುವಷ್ಟೇ.

ಈ ಸೀಮೆಯಲ್ಲಿ ನೆಲಬಾಂಬುಗಳಿಗೆ ಬರವಿರಲಿಲ್ಲ. ದಿನಾಜಪುರದ ದಕ್ಷಿಣಕ್ಕೆ ಗಡಿಯ ಮೇಲೆಯೇ ಹಿಲಿ ಎಂಬ ಊರಿದೆ, ರೈಲು ಹಳಿಯ ಆಚೆ ಒಂದು ದೇಶ, ಈಚೆ ಇನ್ನೊಂದು. ಅದು ಪಾಕಿಸ್ತಾನದ ಸೇನೆ ಬಲವಾಗಿ ಬೇರೂರಿದ್ದ ಜಾಗ. ಭಾರತದ 20ನೆಯ ಪರ್ವತ ಡಿವಿಷನ್ ನವೆಂಬರ್ 22ರ ರಾತ್ರಿ ಅಲ್ಲಿ ಕೈಹಾಕಿತು. ಹಿಲಿ ಬಿದ್ದದ್ದು ಡಿಸೆಂಬರ್ 11ಕ್ಕೆ. ನಮ್ಮ ಪಡೆಗಳಿಗೆ ಪೂರ್ವದ ರಂಗದಲ್ಲೇ ಅತಿ ದುಬಾರಿಯಾದ ಕಾಳಗಗಳಲ್ಲಿ ಅದೊಂದು. ವಾರಗಟ್ಟಲೆ ಒಂದೇ ಕಡೆ ಕೂತ ಸೈನ್ಯ ತನ್ನ ಸುತ್ತ ಏನು ಹೂಳಬೇಕೋ ಎಲ್ಲವನ್ನೂ ಹೂಳುತ್ತದೆ. ಹಿಂದಕ್ಕೆ ಸರಿಯುವಾಗ ರಸ್ತೆಯಲ್ಲಿ, ಸೇತುವೆಯ ಬುಡದಲ್ಲಿ, ಬಿಟ್ಟುಹೋದ ಬಂಕರಿನ ಬಾಗಿಲಲ್ಲಿ ಇನ್ನಷ್ಟು ಹೂತು ಹೋಗುತ್ತದೆ. ಹೂತದ್ದರ ನಕಾಶೆ ಮಾಡಿ ಇಡಬೇಕೆಂಬ ನಿಯಮ ಎಲ್ಲ ಸೈನ್ಯಗಳಲ್ಲೂ ಇದೆ. ಸೋತು ಸರಿಯುವ ತುಕಡಿಯಿಂದ ಆ ನಕಾಶೆ ಕೇಳುವವರು ಯಾರು?

ದಿನಾಜಪುರ ಪಟ್ಟಣ ಡಿಸೆಂಬರ್ 14ಕ್ಕೆ ಬಿಡುಗಡೆಯಾಯಿತೆಂದು ಊರಿನ ಲೆಕ್ಕ. ಪ್ರತಿ ವರ್ಷ ಆ ದಿನವನ್ನೇ ಅವರು ಆಚರಿಸುತ್ತಾರೆ. ಆಮೇಲೆ ಶುರುವಾದ ಕೆಲಸವನ್ನು ಯಾರೂ ಆಚರಿಸುವುದಿಲ್ಲ. ಭಾರತದಲ್ಲಿದ್ದ ಕೋಟಿಯಷ್ಟು ನಿರಾಶ್ರಿತರು ಮನೆಗೆ ಹೊರಟಿದ್ದರು. ಜನವರಿ ಎಂದರೆ ಅಲ್ಲಿ ಬೋರೋ ಭತ್ತದ ನಾಟಿಯ ಕಾಲ. ಮನೆಗೆ ಬಂದ ರೈತ ಮೊದಲು ಇಳಿಯುವುದು ಗದ್ದೆಗೆ, ಅವನ ಮಕ್ಕಳು ಎಮ್ಮೆ ಹೊಡೆದುಕೊಂಡು ಹೋಗುವುದು ಬಂಕರುಗಳಿದ್ದ ಬಯಲಿಗೆ. ಅದಕ್ಕೆ ಮುಂಚೆ ನೆಲ ಚೊಕ್ಕವಾಗಬೇಕು. ಇನ್ನೊಂದು ಅವಸರವೂ ಇತ್ತು. ಊರೂರಿನಲ್ಲಿ ಬಂದೂಕು, ಕೈಬಾಂಬು, ಮದ್ದುಗುಂಡು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಹೊಸ ಸರಕಾರಕ್ಕೆ ಅವನ್ನು ಒಂದೆಡೆ ಸೇರಿಸದೆ ರಾಜ್ಯಭಾರ ಸಾಗುವಂತಿರಲಿಲ್ಲ. ಕೆಲವೇ ದಿನಗಳಲ್ಲಿ, ಜನವರಿ 24ರಂದು, ಟಾಂಗಾಯಿಲ್‌ನಲ್ಲಿ ಮುಕ್ತಿಯೋಧರ ನಾಯಕ ಕಾದಿರ್ ಸಿದ್ದಿಕಿಯ ಪಡೆ ಹೊಸ ದೇಶದ ನಾಯಕ ಶೇಖ್ ಮುಜೀಬರ ಕಾಲ ಬುಡದಲ್ಲಿ ಆಯುಧಗಳನ್ನು ಇಟ್ಟಿತು. ಆ ದೃಶ್ಯದ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಮಹಾರಾಜ ಸ್ಕೂಲಿನ ಕೆಲಸಕ್ಕೆ ಅಂಥ ಚಿತ್ರಗಳ ಭಾಗ್ಯ ಇರಲಿಲ್ಲ.

ಯುದ್ಧ ಮುಗಿದದ್ದೇ ತಡ, ಆ ಶಾಲೆಯನ್ನು ಮುಕ್ತಿಯೋಧರ ಬಿಡಾರವಾಗಿ ಮಾಡಿದರು. ಎರಡೂ ಸೆಕ್ಟರುಗಳ ಹುಡುಗರು ಅಲ್ಲಿ ಬಂದು ಸೇರಿದರು. ದಿನಾಜಪುರದವರಷ್ಟೇ ಅಲ್ಲ, ಸುತ್ತಲಿನ ರಂಗಪುರ, ಠಾಕೂರ್‌ಗಾಂವ್, ಪಂಚಗಡ, ಬೊಗುರಾ ಕಡೆಯವರೂ ಇದ್ದರು. ಬೆಳಗ್ಗೆ ಹಾಜರಿ, ಆಮೇಲೆ ತುಕಡಿ ತುಕಡಿಯಾಗಿ ಹಳ್ಳಿಗಳತ್ತ ಪ್ರಯಾಣ. ಎಲ್ಲಿ ನೆಲಬಾಂಬು ಇದೆಯೆಂದು ಊರವರು ತೋರಿಸುತ್ತಾರೋ ಅಲ್ಲಿ ಅಗೆದು ತೆಗೆಯುವುದು. ಟ್ಯಾಂಕಿಗೆ ಇಟ್ಟದ್ದು, ಮನುಷ್ಯನ ಕಾಲಿಗೆ ಇಟ್ಟದ್ದು, ಮಾರ್ಟರ್ ಶೆಲ್, ಕೈಬಾಂಬು, ಸಿಕ್ಕಿದ್ದೆಲ್ಲ ಟ್ರಕ್ಕಿಗೆ. ಸಂಜೆ ತಂದು ಶಾಲೆಯ ಅಂಗಳದಲ್ಲಿ ತೋಡಿದ್ದ ಬಂಕರಿನಲ್ಲಿ ಇಳಿಸುವುದು. ದಿನದಿನಕ್ಕೂ ಆ ರಾಶಿ ಬೆಳೆಯುತ್ತಿತ್ತು. ಅದರ ಕೆಲವೇ ಮಾರು ದೂರದಲ್ಲಿ ಹುಡುಗರು ಉಣ್ಣುತ್ತಿದ್ದರು, ಮಲಗುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮದ್ದಿನ ಉಗ್ರಾಣದ ಮೊದಲ ಪಾಠ ಸಿಡಿಯುವ ಮದ್ದನ್ನೂ ಅದನ್ನು ಸಿಡಿಸುವ ಚಾಪನ್ನೂ ಒಂದೆಡೆ ಇಡಬಾರದೆಂಬುದು. ಎರಡನೆಯದು, ಒಂದು ರಾಶಿಗೂ ಇನ್ನೊಂದಕ್ಕೂ ನಡುವೆ ಮಣ್ಣಿನ ದಿಬ್ಬ ಇರಬೇಕು. ಮೂರನೆಯದು, ಜನ ಮಲಗುವ ಕಡೆ ಅದು ಇರಲೇಬಾರದು. ನೆಲಬಾಂಬು ಕಾರ್ಖಾನೆಯ ಪೆಟ್ಟಿಗೆಯಲ್ಲಿರುವಾಗ ಅಷ್ಟೇನೂ ಅಪಾಯದ್ದಲ್ಲ. ಹೂಳುವಾಗ ಚಾಪು ಸಿಗಿಸಿ ಹೂಳುತ್ತಾರೆ, ಆಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಹೂತಿದ್ದನ್ನು ಅಗೆದು ತಂದಾಗ ಅದರೊಳಗೆ ಏನು ಸಡಿಲವಾಗಿದೆ, ಏನು ತುಕ್ಕು ಹಿಡಿದಿದೆ ಎಂದು ಹೇಳಬೇಕಾದವನು ಬಲ್ಲವನೇ ಆಗಿರಬೇಕು. ಆ ಹುಡುಗರನ್ನು ಈ ಕೆಲಸಕ್ಕೆ ಹಚ್ಚಿದವರು ಕೆಟ್ಟವರಾಗಿದ್ದರೆಂದು ನಾನು ಹೇಳುತ್ತಿಲ್ಲ. ದೇಶಕ್ಕೆ ಆಗ ಮೂರು ವಾರದ ವಯಸ್ಸು. ಖಜಾನೆ ಖಾಲಿ, ಸೇತುವೆಗಳು ಮುರಿದಿದ್ದವು, ರೈಲು ನಿಂತಿತ್ತು. ಕೈಯಲ್ಲಿದ್ದದ್ದು ಯುದ್ಧ ಗೆದ್ದ ಹುಮ್ಮಸ್ಸಿನ ಹುಡುಗರು ಮಾತ್ರ. ಆದರೂ ಅವರಿಗೆ ಕಲಿಸದ ಕೆಲಸವನ್ನು ಅವರಿಂದ ಮಾಡಿಸಲಾಯಿತು. ಅವರ ಸ್ಮಾರಕದ ಮಾತು ಎತ್ತುವವರು ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಜನವರಿ 6ರಂದು ಘೋಡಾಘಾಟ್ ಮತ್ತು ಹಿಲಿಯ ಕಡೆಯಿಂದ ಎರಡು ಟ್ರಕ್ಕುಗಳು ಬಂದವು. ಹೊತ್ತು ಮುಳುಗಿತ್ತು, ಉತ್ತರ ಬಂಗಾಳದ ಚಳಿ ಇಳಿಯುತ್ತಿತ್ತು. ಮಗ್ರಿಬ್ ನಮಾಜಿನ ಹೊತ್ತಾದ್ದರಿಂದ ಕೆಲವರು ಶಾಲೆಯ ಮಸೀದಿಗೆ ಹೋಗಿದ್ದರು. ಉಳಿದವರು ಟ್ರಕ್ಕಿನಿಂದ ಬಂಕರಿನವರೆಗೆ ಸಾಲಾಗಿ ನಿಂತು, ತಂದದ್ದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮನೆ ಕಟ್ಟುವಲ್ಲಿ ಇಟ್ಟಿಗೆ ದಾಟಿಸುವುದನ್ನು ನೋಡಿದ್ದೀರಿ. ಒಬ್ಬನ ಕೈ ಮುಂದಕ್ಕೆ ಚಾಚಿರುತ್ತದೆ, ಇನ್ನೊಬ್ಬನ ಕೈ ಹಿಂದಕ್ಕೆ, ಕಣ್ಣು ಬೇರೆಲ್ಲೋ. ಒಂದು ಲಯ ಹತ್ತಿದ ಮೇಲೆ ಯಾರೂ ಇಟ್ಟಿಗೆಯನ್ನು ನೋಡುವುದಿಲ್ಲ. ಹಾಗೆ ದಾಟುತ್ತಿದ್ದ ನೆಲಬಾಂಬೊಂದು ಕೈತಪ್ಪಿ ಬಿತ್ತೆಂದು ಬದುಕಿ ಉಳಿದವರು ಹೇಳಿದ್ದಾರೆ. ಬಿದ್ದದ್ದು ಒಂದು. ಅದು ಸಿಡಿದು ಬಂಕರಿನ ರಾಶಿಯೆಲ್ಲ ಸಿಡಿಯಿತು.

ಶಾಲೆಯ ಕಟ್ಟಡ ಕುಸಿಯಿತು. ನಮಾಜಿಗೆ ನಿಂತವರೂ ಉಳಿಯಲಿಲ್ಲ. ಸುತ್ತಲಿನ ಮನೆಗಳು ಬಿದ್ದು ಬಾಲುಬಾಡಿಯ ಸಾಮಾನ್ಯ ಜನರೂ ಸತ್ತರು. ಬಂಕರ್ ಇದ್ದ ಜಾಗದಲ್ಲಿ ಆಳವಾದ ಹೊಂಡವಾಯಿತು, ಮುಂದೆ ಅದರಲ್ಲಿ ನೀರು ನಿಂತು ಕೊಳವೇ ಆಯಿತು. ಗಾಯಗೊಂಡವರನ್ನು ಸರಕಾರಿ ಆಸ್ಪತ್ರೆಗೂ ಕ್ರೈಸ್ತ ಮಿಷನ್ನಿನ ಸೇಂಟ್ ವಿನ್ಸೆಂಟ್ ಆಸ್ಪತ್ರೆಗೂ ಹೊತ್ತೊಯ್ದರು. ಆ ಬೆಳಗಿನ ಹಾಜರಿಯಲ್ಲಿ ಏಳುನೂರಕ್ಕೂ ಮೇಲ್ಪಟ್ಟು ಹೆಸರುಗಳಿದ್ದವೆಂದು ಹೇಳುತ್ತಾರೆ. ರಾತ್ರಿ ಹಾಜರಿ ತೆಗೆದುಕೊಳ್ಳುವವರೇ ಇರಲಿಲ್ಲ. ಸತ್ತವರು ಸುಮಾರು ಐನೂರು ಎಂಬುದು ಊರಿನಲ್ಲಿ ನಿಂತಿರುವ ಸಂಖ್ಯೆ. ಅದಕ್ಕಿಂತ ಕಡಿಮೆ ಹೇಳುವವರೂ ಇದ್ದಾರೆ, ಹೆಚ್ಚು ಹೇಳುವವರೂ ಇದ್ದಾರೆ. ಹೆಸರು ಗೊತ್ತಾದವರು ಅದರಲ್ಲಿ ಒಂದು ಪಾಲು ಮಾತ್ರ.

ಮರುದಿನ ಗೋರ್-ಎ-ಶಹೀದ್ ಮೈದಾನದಲ್ಲಿ ಜನಾಜ಼ಾ ನಮಾಜು ನಡೆಯಿತು. ಪಟ್ಟಣದವರು ಅದನ್ನು ಬೊಡೊ ಮಾಠ್ ಎನ್ನುತ್ತಾರೆ, ದೊಡ್ಡ ಬಯಲು. ಸಿಕ್ಕ ದೇಹಗಳನ್ನು ಅಲ್ಲಿಂದ ಊರ ಉತ್ತರಕ್ಕಿರುವ ಚೆಹೆಲ್‌ಗಾಜಿ ಮಜಾರಿಗೆ ತೆಗೆದುಕೊಂಡು ಹೋಗಿ ಒಟ್ಟಾಗಿ ಮಣ್ಣು ಮಾಡಿದರು. ಆ ಜಾಗದ ಆಯ್ಕೆ ಸುಮ್ಮನೆ ಆದದ್ದಲ್ಲ. ಚೆಹೆಲ್‌ಗಾಜಿ ಎಂದರೆ ನಲವತ್ತು ಗಾಜಿಗಳು. ಯಾವುದೋ ಕಾಲದಲ್ಲಿ ಸ್ಥಳೀಯ ಅರಸನೊಡನೆ ಹೋರಾಡಿ ಮಡಿದ ನಲವತ್ತು ಜನರನ್ನು ಅಲ್ಲಿ ಒಂದೇ ಗೋರಿಯಲ್ಲಿ ಇಟ್ಟಿದ್ದಾರೆಂದು ಐತಿಹ್ಯ. ಗೋರಿ ಮಾಮೂಲಿ ಅಳತೆಯದ್ದಲ್ಲ, ಉದ್ದಕ್ಕೂ ಚಾಚಿಕೊಂಡಿದೆ. ಪಕ್ಕದ ಪಾಳು ಮಸೀದಿಯ ಶಾಸನ 1460ರದು, ಬಂಗಾಳದ ಸುಲ್ತಾನ ಬಾರ್ಬಕ್ ಶಾಹನ ಆಳ್ವಿಕೆಯದು. ಐನೂರು ವರ್ಷದಿಂದ ಊರು ಹೆಸರಿಲ್ಲದ ನಲವತ್ತು ಜನರಿಗೆ ದೀಪ ಹಚ್ಚುತ್ತಾ ಬಂದಿತ್ತು. ಗುರುತು ಸಿಗದ ಇನ್ನಷ್ಟು ಜನರನ್ನು ಎಲ್ಲಿ ಇಡಬೇಕೆಂದು ಆ ಊರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟು ದೊಡ್ಡ ದುರಂತ ದೇಶದ ನೆನಪಿನಲ್ಲಿ ಏಕೆ ನಿಲ್ಲಲಿಲ್ಲ? ದಿನಾಂಕಗಳನ್ನು ನೋಡಿ. ಸ್ಫೋಟ ಗುರುವಾರ ಸಂಜೆ. ಶನಿವಾರ, ಜನವರಿ 8ರಂದು, ಪಾಕಿಸ್ತಾನದ ಸೆರೆಯಿಂದ ಬಿಡುಗಡೆಯಾದ ಶೇಖ್ ಮುಜೀಬುರ್ ರಹಮಾನ್ ಲಂಡನ್ನಿಗೆ ಬಂದಿಳಿದರು. ಸೋಮವಾರ, 10ರಂದು, ದೆಹಲಿಯ ಮೂಲಕ ಢಾಕಾಗೆ ಬಂದರು. ವಿಮಾನ ನಿಲ್ದಾಣದಿಂದ ರೇಸ್‌ಕೋರ್ಸ್ ಮೈದಾನದವರೆಗೆ ಲಕ್ಷಾಂತರ ಜನ. ಇಡೀ ದೇಶ ಒಂಬತ್ತು ತಿಂಗಳು ತಡೆಹಿಡಿದಿದ್ದ ಉಸಿರನ್ನು ಅಂದು ಬಿಟ್ಟಿತು. ಆ ವಾರ ಉತ್ತರದ ಜಿಲ್ಲೆಯೊಂದರ ಶಾಲೆಯ ಅಂಗಳಕ್ಕೆ ಯಾರ ಕಿವಿಯೂ ತೆರೆದಿರಲಿಲ್ಲ. ಇದು ಯಾರೂ ಮುಚ್ಚಿಟ್ಟದ್ದಲ್ಲ, ಹಬ್ಬದ ಸದ್ದಿನಲ್ಲಿ ಸೂತಕದ ಮನೆಯ ಅಳು ಕೇಳಿಸಲಿಲ್ಲ, ಅಷ್ಟೇ.

ಆಮೇಲೆ ರಾಷ್ಟ್ರದ ಪಂಚಾಂಗ ಗಟ್ಟಿಯಾಯಿತು. ಮಾರ್ಚ್ 26 ಸ್ವಾತಂತ್ರ್ಯ ದಿನ. ಡಿಸೆಂಬರ್ 14 ಕೊಲೆಯಾದ ವಿದ್ವಾಂಸರ ದಿನ. ಡಿಸೆಂಬರ್ 16 ವಿಜಯ ದಿನ. ಢಾಕಾದ ಹೊರವಲಯದ ಸಾವಾರ್‌ನಲ್ಲಿ ವಾಸ್ತುಶಿಲ್ಪಿ ಸೈಯದ್ ಮೈನುಲ್ ಹುಸೇನ್ ರೂಪಿಸಿದ ರಾಷ್ಟ್ರೀಯ ಸ್ಮಾರಕ 1982ರಲ್ಲಿ ಎದ್ದಿತು, 150 ಅಡಿ ಎತ್ತರ, ಒಂದರೊಳಗೊಂದು ಸೇರಿದ ಏಳು ಜೋಡಿ ತ್ರಿಕೋನ ಗೋಡೆಗಳು. ಅದರ ಬಗ್ಗೆ ನನಗೆ ತಕರಾರಿಲ್ಲ, ನೋಡಲು ಗಂಭೀರವಾಗಿದೆ. ಆದರೆ ಎಲ್ಲರನ್ನೂ ನೆನೆಯುವ ಸ್ಮಾರಕಕ್ಕೆ ಒಂದು ಮಿತಿ ಇದೆ. ಅದರ ಮುಂದೆ ನಿಂತು ತನ್ನ ಮಗ ಇದರಲ್ಲಿ ಸೇರಿದ್ದಾನೋ ಇಲ್ಲವೋ ಎಂದು ತಾಯಿಗೆ ಗೊತ್ತಾಗುವುದಿಲ್ಲ.

ಆ ಕೊರತೆಯನ್ನು ತುಂಬಿದ್ದು ದಿನಾಜಪುರ. ಮಹಾರಾಜ ಸ್ಕೂಲಿನ ಆವರಣದಲ್ಲಿ ಒಂದು ಸ್ಮಾರಕ, ಚೆಹೆಲ್‌ಗಾಜಿಯಲ್ಲಿ ಸಮಾಧಿಗಳು. ಪ್ರತಿ ಜನವರಿ 6ರಂದು ಎರಡೂ ಕಡೆ ಹೂವು ಇಡುತ್ತಾರೆ, ದುವಾ ಮಾಡುತ್ತಾರೆ, ಸಭೆ ಸೇರುತ್ತಾರೆ. ಈ ದಿನದ ಹೆಸರಿನಲ್ಲೇ ಊರಿನವರು ಒಂದು ಸ್ಮೃತಿ ಪರಿಷತ್ತನ್ನು ಕಟ್ಟಿಕೊಂಡಿದ್ದಾರೆ. ದಿನವನ್ನು ಸರಕಾರ ತಾನೇ ಆಚರಿಸಬೇಕೆಂಬುದು ಅವರ ಹಳೆಯ ಬೇಡಿಕೆ. ಬೇಡಿಕೆ ನ್ಯಾಯವೇ. ಆದರೂ ಸರಕಾರ ಕೈಗೆತ್ತಿಕೊಂಡ ದಿನಾಚರಣೆಗಳು ಏನಾಗುತ್ತವೆಂದು ಬಲ್ಲ ನಮ್ಮಂಥವರಿಗೆ ಒಂದು ಅಳುಕು. ಹಾರ ಇಡುವ ಸಾಲಿನಲ್ಲಿ ಮೊದಲು ಯಾರು ನಿಲ್ಲಬೇಕೆಂಬ ಜಗಳವೇ ದಿನದ ಮುಖ್ಯ ಕಾರ್ಯಕ್ರಮವಾಗಿಬಿಡುತ್ತದೆ.

ಇನ್ನು ವಿಷಯದ ಒಳಕ್ಕೆ ಬರುತ್ತೇನೆ. ಯುದ್ಧ ಮುಗಿದ ಮೇಲೆ ಸತ್ತವನು ಯುದ್ಧದಲ್ಲಿ ಸತ್ತವನೇ? ಇದು ತರ್ಕದ ಆಟ ಅಲ್ಲ. ಪಿಂಚಣಿ, ಪದಕ, ಪಟ್ಟಿ, ಸಮಾಧಿಯ ಮೇಲಿನ ಅಕ್ಷರ ಎಲ್ಲವೂ ಇದರ ಉತ್ತರದ ಮೇಲೆ ನಿಂತಿವೆ. ಈ ಪ್ರಶ್ನೆಯನ್ನು ಗುಮಾಸ್ತರ ಶಿಸ್ತಿನಿಂದ ಬಗೆಹರಿಸಿದ್ದು ಬ್ರಿಟಿಷರು. ಮೊದಲ ಮಹಾಯುದ್ಧದ ಗುಂಡು ನಿಂತದ್ದು 1918ರ ನವೆಂಬರ್ 11ಕ್ಕೆ. ಆದರೆ ಅವರ ಯುದ್ಧ ಸಮಾಧಿ ಆಯೋಗ 1921ರ ಆಗಸ್ಟ್ 31ರವರೆಗೆ ಸೇವೆಯಲ್ಲಿ ಸತ್ತವರನ್ನೂ ಯುದ್ಧದ ಸತ್ತವರೆಂದೇ ಲೆಕ್ಕ ಹಿಡಿಯುತ್ತದೆ. ಎರಡನೆಯ ಯುದ್ಧಕ್ಕೆ ಆ ಗಡುವು 1947ರ ಡಿಸೆಂಬರ್ 31. ಜಪಾನು ಶರಣಾಗಿ ಎರಡು ವರ್ಷ ಕಳೆದ ಮೇಲೂ ಯುದ್ಧದ ಸಾವು ಎಣಿಕೆಯಲ್ಲಿತ್ತು. ಜ್ವರದಿಂದ ಸತ್ತನೋ, ಲಾರಿ ಉರುಳಿ ಸತ್ತನೋ ಎಂದು ಕಲ್ಲು ಕೇಳುವುದಿಲ್ಲ. ಸಾಮ್ರಾಜ್ಯದವರ ಬಗ್ಗೆ ಹೇಳಲು ನನಗೆ ಬೇರೆ ಮಾತುಗಳು ಬೇಕಾದಷ್ಟಿವೆ, ಈ ಒಂದು ವಿಷಯದಲ್ಲಿ ಅವರ ಲೆಕ್ಕ ಸರಿಯಾಗಿದೆ.

ಬಂಗಾಳದ ನೆಲದಲ್ಲೇ ಇದಕ್ಕೆ ಇನ್ನೊಂದು ಉತ್ತರ ಸಿಗುತ್ತದೆ. 7ನೆಯ ಸೆಕ್ಟರಿನ ಮೊದಲ ದಳಪತಿ ಮೇಜರ್ ನಜ್ಮುಲ್ ಹಕ್. ಅವರು ಗುಂಡೇಟಿಗೆ ಸತ್ತವರಲ್ಲ. 1971ರ ಸೆಪ್ಟೆಂಬರಿನಲ್ಲಿ ಭಾರತದ ರಸ್ತೆಯಲ್ಲಿ ಜೀಪು ಅಪಘಾತಕ್ಕೆ ಸಿಕ್ಕಿ ಸತ್ತರು. ಅದೇ ಸೆಕ್ಟರಿನ ಕ್ಯಾಪ್ಟನ್ ಮಹಿಯುದ್ದೀನ್ ಜಹಾಂಗೀರ್ ಡಿಸೆಂಬರ್ 14ರಂದು, ವಿಜಯಕ್ಕೆ ಎರಡೇ ದಿನ ಮುಂಚೆ, ಚಾಪಾಯ್ ನವಾಬ್‌ಗಂಜ್‌ನ ಕಾಳಗದಲ್ಲಿ ಮಡಿದರು. ಅವರಿಗೆ ವೀರಶ್ರೇಷ್ಠ ಪದವಿ ಬಂತು. ಅದು ಇಡೀ ದೇಶದಲ್ಲಿ ಏಳೇ ಜನಕ್ಕೆ ಸಿಕ್ಕಿದ ಗೌರವ. ಈ ಇಬ್ಬರ ಸಮಾಧಿಗಳೂ ಛೋಟಾ ಸೋನಾ ಮಸೀದಿಯ ಅಂಗಳದಲ್ಲಿ ಅಕ್ಕಪಕ್ಕ ಇವೆ. ಮಣ್ಣು ಮಾಡಿದವರು ಒಬ್ಬ ಅಪಘಾತಕ್ಕೆ ಸತ್ತ, ಇನ್ನೊಬ್ಬ ಗುಂಡಿಗೆ ಸತ್ತ ಎಂದು ನಡುವೆ ಗೋಡೆ ಎಬ್ಬಿಸಲಿಲ್ಲ.

ಚಟ್ಟಗ್ರಾಮದಲ್ಲಿ ಇನ್ನೂ ವಿಚಿತ್ರವಾದ ಒಂದು ಸಮಾಧಿ ಇದೆ. ಅಲ್ಲಿನ ಬಂದರಿನ ನೀರಿನಲ್ಲಿ ಮೈನುಗಳೂ ಮುಳುಗಿದ ಹಡಗುಗಳೂ ತುಂಬಿಕೊಂಡಿದ್ದವು. ಬಂದರು ತೆರೆಯದೆ ಹೊರಗಿನಿಂದ ಅಕ್ಕಿ ಬರುವ ಹಾಗಿರಲಿಲ್ಲ. 1972ರಲ್ಲಿ ಸೋವಿಯತ್ ನೌಕಾಪಡೆಯ ತಂಡ, ರಿಯರ್ ಅಡ್ಮಿರಲ್ ಸೆರ್ಗೆಯ್ ಜುಯೆಂಕೊ ನಾಯಕತ್ವದಲ್ಲಿ, ಅದನ್ನು ಚೊಕ್ಕ ಮಾಡಲು ಬಂತು. ಕೆಲಸ 1974ರವರೆಗೆ ನಡೆಯಿತು. ನಡುವೆ 1973ರಲ್ಲಿ ಯೂರಿ ರೆದ್ಕಿನ್ ಎಂಬ ಎಳೆಯ ನಾವಿಕ ಕರ್ತವ್ಯದಲ್ಲಿದ್ದಾಗ ಪ್ರಾಣ ಬಿಟ್ಟ. ಪತೇಂಗಾದ ನೌಕಾ ಅಕಾಡೆಮಿಯ ಆವರಣದಲ್ಲಿ ಅವನ ಸಮಾಧಿಯನ್ನು ಇಂದಿಗೂ ಒಪ್ಪವಾಗಿ ಇಟ್ಟಿದ್ದಾರೆ, ರಷ್ಯದ ರಾಯಭಾರಿಗಳು ಬಂದು ಹೂವು ಇಡುತ್ತಾರೆ. ಪರದೇಶದ ಒಬ್ಬ ನಾವಿಕ ಯುದ್ಧದ ಕಸ ಗುಡಿಸುವಾಗ ಸತ್ತದ್ದು ದೇಶಕ್ಕೆ ನೆನಪಿದೆ. ಅದೇ ಕೆಲಸದಲ್ಲಿ ಸತ್ತ ತನ್ನದೇ ನೂರಾರು ಹುಡುಗರು ಒಂದು ಜಿಲ್ಲೆಯ ಪಾಲಿಗೆ ಉಳಿದರು. ಒಬ್ಬನ ಹಿಂದೆ ರಾಯಭಾರ ಕಚೇರಿ ಇದೆ, ಇವರ ಹಿಂದೆ ಹಳ್ಳಿಯ ತಾಯಂದಿರು ಇದ್ದರು.

1972ರ ಜನವರಿ ಕೊನೆಯಲ್ಲಿ ಢಾಕಾದ ಮೀರ್‌ಪುರದಲ್ಲೂ ಯುದ್ಧ ಮುಗಿದ ಮೇಲಿನ ಸಾವುಗಳಾದವು. ದೇಶವೆಲ್ಲ ಬಿಡುಗಡೆಯಾದರೂ ಆ ಬಡಾವಣೆಯಲ್ಲಿ ಆಯುಧ ಹಿಡಿದವರು ಇನ್ನೂ ಕೂತಿದ್ದರು. ಜನವರಿ 30ರಂದು ಅಲ್ಲಿಗೆ ಹೋದ ಹೊಸ ದೇಶದ ಸೈನಿಕರೂ ಪೊಲೀಸರೂ ಹೊಂಚುದಾಳಿಗೆ ಸಿಕ್ಕಿ ಸತ್ತರು. ಅಣ್ಣನನ್ನು ಹುಡುಕಿಕೊಂಡು ಹೋದ ಚಿತ್ರ ನಿರ್ದೇಶಕ ಜಹೀರ್ ರೈಹಾನ್ ಹಿಂತಿರುಗಲಿಲ್ಲ. ಮೀರ್‌ಪುರ ಬಿಡುಗಡೆಯಾದದ್ದು ಜನವರಿ 31ಕ್ಕೆ. ಅದು ರಾಜಧಾನಿಯ ಕಥೆ. ದತ್ತಿಯ ಷರತ್ತು ನೆನಪಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಕನ್ನಡದ ಕೇಳುಗರಿಗೆ ಹತ್ತಿರದ ಒಂದು ಕಲ್ಲಿನ ಮಾತು ಹೇಳಬೇಕು. ಮದ್ದೂರು ತಾಲೂಕಿನ ಆತಕೂರಿನ ಶಾಸನ, ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ 872ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧದ ವಿವರ ಅದರಲ್ಲಿದೆ. ಅಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಯುದ್ಧ ಮುಗಿದ ಮೇಲೆ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು, ಎರಡೂ ಹೋರಾಡಿ ಸತ್ತವು. ಕಲ್ಲಿನ ಮೇಲೆ ಕೆತ್ತಿರುವುದು ನಾಯಿ ಮತ್ತು ಹಂದಿಯ ಜಗಳ, ಚೋಳರ ಯುದ್ಧವಲ್ಲ. ಬಾಂಗ್ಲಾದ ಹುಡುಗರ ಸಾವಿಗೂ ನಾಯಿಯ ಸಾವಿಗೂ ಹೋಲಿಕೆ ಹಾಕಿದೆನೆಂದು ದಯವಿಟ್ಟು ತಿಳಿಯಬೇಡಿ. ನಾನು ನೋಡುತ್ತಿರುವುದು ಬರೆದವನ ಪ್ರಾಮಾಣಿಕತೆಯನ್ನು. ಅವನು ಯುದ್ಧದ ಸಾವನ್ನು ಯುದ್ಧದ ಸಾವೆಂದೂ ಆಮೇಲಿನ ಸಾವನ್ನು ಆಮೇಲಿನ ಸಾವೆಂದೂ ಒಂದೇ ಕಲ್ಲಿನಲ್ಲಿ ಬರೆದ. ಕಾಳಿ ತಕ್ಕೋಲದಲ್ಲಿ ಸತ್ತಿತೆಂದು ಸುಳ್ಳು ಹೊಸೆದು ಅದರ ಬೆಲೆ ಹೆಚ್ಚಿಸಲು ಹೋಗಲಿಲ್ಲ. ಅಷ್ಟಕ್ಕೇ ಬಿಡದೆ ಕಲ್ಲನ್ನು ನೋಡಿಕೊಳ್ಳಲು ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಗಲುತ್ತದೆಂದೂ ಕಂಡರಿಸಿದ.

ದಿನಾಜಪುರದ ವಿಷಯದಲ್ಲಿ ನನ್ನ ಅಭಿಪ್ರಾಯವೂ ಈ ದಿಕ್ಕಿನದೇ. ಇಂಥ ಸ್ಮಾರಕಗಳ ಮುಂದೆ ಮಾತಾಡುವವರು ಸಾಮಾನ್ಯವಾಗಿ ಎಲ್ಲರನ್ನೂ ರಣರಂಗಕ್ಕೆ ಕಳಿಸಿಬಿಡುತ್ತಾರೆ. ದೇಶಕ್ಕಾಗಿ ಎದೆಯೊಡ್ಡಿದರು, ರಕ್ತ ಸುರಿಸಿದರು, ಇತ್ಯಾದಿ. ಆ ಹುಡುಗರು ಆ ಸಂಜೆ ಯಾರಿಗೂ ಎದೆಯೊಡ್ಡಿರಲಿಲ್ಲ. ಭಾರ ಇಳಿಸುತ್ತಿದ್ದರು, ಅವರ ಕೈ ನೋಯುತ್ತಿತ್ತು. ರೈತನ ಗದ್ದೆಯಿಂದ, ಮಕ್ಕಳು ಓಡಾಡುವ ದಾರಿಯಿಂದ ಸಾವನ್ನು ಕಿತ್ತು ತಂದು ಒಂದೆಡೆ ಪೇರಿಸುತ್ತಿದ್ದರು. ಹಾಗೆ ತೆಗೆದ ಒಂದೊಂದು ನೆಲಬಾಂಬಿಗೂ ಎಲ್ಲೋ ಒಂದು ಕಾಲು ಉಳಿದಿದೆ, ಒಂದು ಎತ್ತು ಉಳಿದಿದೆ. ಅದನ್ನು ಹಾಗೆಯೇ ಬರೆದರೆ ಅವರ ಗೌರವಕ್ಕೆ ಎಲ್ಲಿ ಕುಂದು ಬರುತ್ತದೆ? ಯುದ್ಧ ಹೂಡುವುದಕ್ಕೆ ಒಂದು ಆಜ್ಞೆ ಸಾಕು, ಅದನ್ನು ಎತ್ತಿ ಹಾಕಲು ಕೈಗಳು ಬೇಕು. ಆ ಕೈಗಳಿಗೆ ಒಂದು ಸ್ಮಾರಕ ಇರುವುದು ಪ್ರಪಂಚದಲ್ಲೇ ಅಪರೂಪ. ಬಂದೂಕು ಹಿಡಿದವನ ಪ್ರತಿಮೆ ಎಲ್ಲ ಚೌಕಗಳಲ್ಲೂ ಇದೆ.

ಹುತಾತ್ಮ ಎಂಬ ಪದವನ್ನು ಅವರಿಗೆ ಕೊಡಬಾರದೆಂದು ನಾನು ಹೇಳಲಿಲ್ಲ. ಊರು ಕೊಟ್ಟಿದೆ, ಕೊಡುವ ಹಕ್ಕು ಊರಿಗಿದೆ. ಆ ಪದದ ಜೊತೆಗೆ ಇನ್ನೆರಡು ವಾಕ್ಯ ಇರಲಿ ಎಂಬುದಷ್ಟೇ ನನ್ನ ಕೋರಿಕೆ. ಏನು ಮಾಡುತ್ತಿದ್ದಾಗ ಸತ್ತರು ಎಂದು ಒಂದು. ಆ ಕೆಲಸಕ್ಕೆ ಅವರಿಗೆ ತರಬೇತಿ ಇರಲಿಲ್ಲ ಎಂದು ಇನ್ನೊಂದು. ಎರಡನೆಯ ವಾಕ್ಯ ಸರಕಾರಗಳಿಗೆ ಹಿಡಿಸುವುದಿಲ್ಲ. ಬಾಂಗ್ಲಾ ಸರಕಾರವೊಂದೇ ಅಲ್ಲ, ಯಾವ ಸರಕಾರಕ್ಕೂ ಹಿಡಿಸುವುದಿಲ್ಲ. ನಮ್ಮ ಪಶ್ಚಿಮದ ಗಡಿಯಲ್ಲೂ 2001–02ರಲ್ಲಿ ಹೂತ ನೆಲಬಾಂಬುಗಳನ್ನು ತೆಗೆಯುವಾಗ ಜವಾನರು ಸತ್ತಿದ್ದಾರೆ, ರೈತರು ಕಾಲು ಕಳೆದುಕೊಂಡಿದ್ದಾರೆ. ಅಲ್ಲಿ ಯುದ್ಧವೇ ನಡೆಯಲಿಲ್ಲ. ಅವರನ್ನು ಯಾವ ಯುದ್ಧದ ಕಲ್ಲಿನಲ್ಲಿ ಬರೆಯುತ್ತೀರಿ?

ಕೊನೆಗೆ ಹೆಸರುಗಳ ವಿಷಯ. ಗುರುತು ಸಿಗದ ಹುಡುಗರ ಹೆಸರು ಇನ್ನು ಸಿಗುವುದೇ ಇಲ್ಲವೆಂದು ಕೈಬಿಡಬೇಕಾಗಿಲ್ಲ. ಅವರಲ್ಲಿ ಹೆಚ್ಚಿನವರು ಗಡಿ ದಾಟಿ ಬಂದು ನಮ್ಮ ನೆಲದ ಶಿಬಿರಗಳಲ್ಲಿ ತರಬೇತಿ ಪಡೆದವರು. ಶಿಬಿರಕ್ಕೆ ಸೇರುವಾಗ ಹೆಸರು, ತಂದೆಯ ಹೆಸರು, ಹಳ್ಳಿ ಬರೆಸಬೇಕಿತ್ತು. ಮುಕ್ತಿಯೋಧರೆಂದು ಮಾನ್ಯತೆ ಕೊಡುವಾಗ ಬಾಂಗ್ಲಾದೇಶ ಇಂದಿಗೂ ಒಪ್ಪುವ ದಾಖಲೆಗಳಲ್ಲಿ ಒಂದನ್ನು ಅಲ್ಲಿ ಭಾರತೀಯ ಪಟ್ಟಿ ಎಂದೇ ಕರೆಯುತ್ತಾರೆ. ಆ ಪಟ್ಟಿಯ ಹೆಸರುಗಳನ್ನು ಹಳ್ಳಿಹಳ್ಳಿಯಲ್ಲಿ ವಿಚಾರಿಸಿ, ಡಿಸೆಂಬರಿನಲ್ಲಿ ಬದುಕಿದ್ದು ಜನವರಿಯಲ್ಲಿ ಮನೆಗೆ ಬಾರದವರು ಯಾರು ಎಂದು ಕೇಳುವುದು ಕಷ್ಟದ ಕೆಲಸ, ಅಸಾಧ್ಯವಲ್ಲ. ಆ ದಿನ ಹದಿನೆಂಟು ವರ್ಷದವರಾಗಿದ್ದು ಬದುಕಿ ಉಳಿದವರಿಗೆ ಈಗ ಎಪ್ಪತ್ತು ದಾಟಿದೆ. ತಮ್ಮ ಪಕ್ಕದಲ್ಲಿ ಮಲಗುತ್ತಿದ್ದವನ ಹೆಸರು ಅವರಿಗೆ ನೆನಪಿರುತ್ತದೆ, ಹಳ್ಳಿಯ ಹೆಸರೂ ನೆನಪಿರಬಹುದು. ಬಂಗಾಳಿ ಬಲ್ಲ ಇತಿಹಾಸದ ವಿದ್ಯಾರ್ಥಿ ಯಾರಾದರೂ ಇಲ್ಲಿ ಕೂತಿದ್ದರೆ, ಸಂಶೋಧನೆಗೆ ವಿಷಯ ಹುಡುಕುತ್ತಿದ್ದರೆ, ದಿನಾಜಪುರದ ಸ್ಮೃತಿ ಪರಿಷತ್ತಿಗೆ ಕಾಗದ ಬರೆದು ಶುರುಮಾಡಬಹುದು. ವಯಸ್ಸಾದವರನ್ನು ಮೊದಲು ಮಾತಾಡಿಸಿ, ಕಚೇರಿಯ ಕಡತಗಳನ್ನು ಆಮೇಲೆ ನೋಡಿದರಾಯಿತು.